ಮಗಳನ್ನು ನೋಡಲು ಬಂದವರು

ಮಗಳನ್ನು ನೋಡಲು ಟ್ರಸ್ಟಿನವರು ಮನೆಗೇ ಬರುತ್ತಾರಂತೆ ಎಂದು ತಿಳಿದ ಕೂಡಲೇ ನಮ್ಮ ಅತ್ತೆ ಅಂಗಡಿಯಿಂದ ರವೆ ತರಿಸಿದರು. ಉಪ್ಪಿಟ್ಟಿಗೂ ಕೇಸರಿಭಾತಿಗೂ ಸಾಕಾಗುವಷ್ಟು. ಆಮೇಲೆ ಪಕ್ಕದ ಮನೆಗೆ ಹೋಗಿ ಹೂವಿನ ಚಿತ್ರವಿದ್ದ ಪಿಂಗಾಣಿ ಕಪ್ಪುಗಳನ್ನು ಕೇಳಿ ತಂದರು. ಟ್ರಂಕಿನ ತಳದಿಂದ ಮೊಮ್ಮಗಳ ರೇಷ್ಮೆ ಲಂಗ ಹೊರಬಂತು. ಇದೆಲ್ಲ ಯಾಕೆ ಎಂದು ನಾನೂ ಕೇಳಲಿಲ್ಲ. ಹೆಣ್ಣುಮಗುವನ್ನು ನೋಡಲು ಯಾರೋ ಬರುತ್ತಾರೆ ಎಂದರೆ ಸಾಕು, ನಮ್ಮ ಮನೆಯವರ ಕೈಕಾಲು ತಾವಾಗಿಯೇ ಅಡುಗೆಮನೆಯ ಕಡೆ ಓಡುತ್ತಿದ್ದವು.

ಎಂಬತ್ತರ ದಶಕ. ಬಸವೇಶ್ವರನಗರದಲ್ಲಿ ನಮ್ಮದು ಬಾಡಿಗೆ ಮನೆ. ಎದುರಿಗೆ ಖಾಲಿ ಸೈಟು, ಅದರಲ್ಲಿ ಯಾರದೋ ಎಮ್ಮೆ. ನಮ್ಮವರು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಮಗಳಿಗೆ ಐದು ದಾಟಿತ್ತು. ಮಾತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಆದರೆ ಬೆಳಿಗ್ಗೆ ರೇಡಿಯೋ ಶುರುವಾಗುವಾಗ ಬರುವ ಆ ರಾಗವನ್ನು ಒಂದು ಸ್ವರ ತಪ್ಪದೆ ಗುನುಗುತ್ತಿದ್ದಳು. ಕುಕ್ಕರ್ ಕೂಗುವ ಮೊದಲೇ ಥೇಟ್ ಕುಕ್ಕರಿನಂತೆ ಕೂಗಿಬಿಡುತ್ತಿದ್ದಳು. ನಾನು ಓಡಿಹೋಗಿ ಸ್ಟವ್ ಆರಿಸಿ, ಅನ್ನ ಅರೆಬೆಂದದ್ದೂ ಉಂಟು. ಇಂಥವಳನ್ನು ಕಿವುಡಿ ಎನ್ನುವುದು ಹೇಗೆ? ಸ್ಟೀಲ್ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸಿ, ಅದು ನಿಲ್ಲುವವರೆಗೆ ಕಣ್ಣು ಕೀಳದೆ ನೋಡುತ್ತಿದ್ದಳು. ಇಷ್ಟು ಏಕಾಗ್ರತೆ ಇರುವವಳನ್ನು ದಡ್ಡಿ ಎನ್ನುವುದಾದರೂ ಹೇಗೆ? ಮಹಾಲಕ್ಷ್ಮಿ ಲೇಔಟಿನ ದೇವಸ್ಥಾನಕ್ಕೆ ಹೋಗುವ ರಸ್ತೆ ಅಗೆದಿದ್ದಾರೆಂದು ಬೇರೆ ರಸ್ತೆ ಹಿಡಿದರೆ ಮಾತ್ರ ನಡುಬೀದಿಯಲ್ಲಿ ಮಲಗಿ ಆಕಾಶ ಹರಿಯುವಂತೆ ಕಿರುಚುತ್ತಿದ್ದಳು. ಸುತ್ತ ಜನ ಸೇರಿ, "ಯಾಕಮ್ಮಾ, ಮಗೂನ ಹಂಗೆ ಹೊಡೀತೀರಾ?" ಎಂದು ನನಗೇ ಬೈದು ಹೋಗುತ್ತಿದ್ದರು.

ಡಾಕ್ಟರುಗಳ ಕತೆ ಕೇಳಬೇಡಿ. ಒಬ್ಬರು ಕಿವಿ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಾಗಿದೆ, ಕಾಯಿರಿ ಎಂದರು. ಇನ್ನೊಬ್ಬರು ಬುದ್ಧಿಮಾಂದ್ಯ ಎಂದು ಬರೆದುಕೊಟ್ಟರು. ಮೂರನೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಮಗೂನ ಎತ್ಕೊಂಡು ಮುದ್ದು ಮಾಡ್ತೀರೋ ಇಲ್ವೋ? ತಾಯಿ ಪ್ರೀತಿ ಕಮ್ಮಿಯಾದ್ರೆ ಹೀಗಾಗುತ್ತೆ" ಎಂದರು. ಅವರ ಬಾಯಿಗೆ ಮಣ್ಣು ಹಾಕ! ಎತ್ತಿಕೊಂಡರೆ ಕೊಸರಿಕೊಂಡು ಇಳಿದು ಓಡುವ ಮಗುವನ್ನು ಹೇಗೆ ಮುದ್ದು ಮಾಡುವುದೆಂದು ಅವರು ತೋರಿಸಿಕೊಡಬೇಕಿತ್ತು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು, ಇದು ಆಟಿಸಂ ಥರ ಕಾಣುತ್ತೆ ಎಂದರು. ಆ ಮಾತು ಬಸ್ಸಿಳಿಯುವಷ್ಟರಲ್ಲಿ ಅರ್ಧ ಮರೆತುಹೋಗಿತ್ತು. ನಮ್ಮವರು ಕೇಳಿದಾಗ, "ಏನೋ ಇಸಂ ಅಂದ್ರು ಕಣ್ರೀ" ಎಂದೆ. ಕಾರ್ಖಾನೆಯಲ್ಲಿ ಆಗ ಮುಷ್ಕರದ ಕಾಲ. "ಐದು ವರ್ಷಕ್ಕೇ ಯೂನಿಯನ್ ಸೇರಿದಳಾ?" ಎಂದು ಅವರು ನಕ್ಕರು, ಆಮೇಲೆ ಗೋಡೆಯ ಕಡೆ ತಿರುಗಿ ಕೂತರು. ಅತ್ತೆ ಬಜೆ ತೇಯ್ದು ಮೊಮ್ಮಗಳ ನಾಲಿಗೆಗೆ ಹಚ್ಚುವುದನ್ನು ಬಿಡಲಿಲ್ಲ. ಯಾರನ್ನು ನಂಬಬೇಕು ಎಂದು ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಎಲ್ಲರನ್ನೂ ಒಂದೊಂದು ದಿನ ನಂಬಿದೆ.

ಆ ವಯಸ್ಸಾದ ಡಾಕ್ಟರೇ ವಿಜಯನಗರದ ಒಂದು ಶಾಲೆಯ ವಿಳಾಸ ಕೊಟ್ಟಿದ್ದರು. ಶಾಲೆ ಎಂದರೆ ಯಾರದೋ ಮನೆಯ ಮಹಡಿಯ ಮೇಲಿನ ಎರಡು ಕೋಣೆ, ಹತ್ತಾರು ಮಕ್ಕಳು. ಅಲ್ಲಿನ ಟೀಚರ್ ಇನ್ನೂ ಮದುವೆಯಾಗದ ಹುಡುಗಿ. ಅವಳು ನನ್ನ ಮಗಳ ಹೆಸರನ್ನೂ ಕೇಳಲಿಲ್ಲ, ಗಲ್ಲವನ್ನೂ ಹಿಂಡಲಿಲ್ಲ. ಸುಮ್ಮನೆ ನೆಲದ ಮೇಲೆ ಕೂತು, ಒಂದು ಮುಚ್ಚಳ ತೆಗೆದುಕೊಂಡು ತಾನೂ ತಿರುಗಿಸಿದಳು. ಮಗಳು ತನ್ನ ಮುಚ್ಚಳ ಬಿಟ್ಟು ಆ ಮುಚ್ಚಳ ನೋಡಿದಳು. ಆಮೇಲೆ ಅದನ್ನು ತಿರುಗಿಸಿದ ಕೈ ನೋಡಿದಳು. ಆಮೇಲೆ, ಒಂದೇ ಒಂದು ಗಳಿಗೆ, ಮುಖ ನೋಡಿದಳು. ಐದು ವರ್ಷದಲ್ಲಿ ನನ್ನ ಮುಖವನ್ನು ಅವಳು ಹಾಗೆ ನೋಡಿರಲಿಲ್ಲ. ನನಗೆ ಹೊಟ್ಟೆಕಿಚ್ಚೂ ಆಯಿತು, ಕಣ್ಣಲ್ಲಿ ನೀರೂ ಬಂತು. ಏನಾದರೂ ಆಗಲಿ, ಮಗಳನ್ನು ಇಲ್ಲಿಗೇ ಸೇರಿಸಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಆದರೆ ಆ ಶಾಲೆಯ ಫೀಸು ನಮ್ಮವರ ಸಂಬಳಕ್ಕೆ ಆಗದ ಮಾತು. ಕಷ್ಟದಲ್ಲಿರುವ ಕೆಲವು ಮಕ್ಕಳ ಫೀಸನ್ನು ಒಂದು ಟ್ರಸ್ಟು ಕಟ್ಟುತ್ತಿತ್ತು. ಆ ವರ್ಷ ಉಳಿದಿದ್ದದ್ದು ಒಂದೇ ಜಾಗ. ಟ್ರಸ್ಟಿನ ಮೇಡಂ ಒಬ್ಬರು ಮನೆಗೆ ಬಂದು, ಮಗುವನ್ನು ನೋಡಿ, ನೆರವು ಬೇಕೋ ಬೇಡವೋ ಹೇಳುತ್ತಿದ್ದರು. ಹಾಗೆ ಬರುವ ಮೇಡಂಗಾಗಿಯೇ ನಮ್ಮ ಅತ್ತೆ ರವೆ ತರಿಸಿದ್ದು.

ಮೇಡಂ ಬಂದರು. ಕಾಟನ್ ಸೀರೆ, ದಪ್ಪ ಕನ್ನಡಕ, ಒಳ್ಳೆಯ ಮನಸ್ಸಿನ ಹೆಂಗಸು. ಮಗಳು ರೇಷ್ಮೆ ಲಂಗ ತೊಟ್ಟು, ಎರಡು ಜಡೆಗೂ ಮಲ್ಲಿಗೆ ಮುಡಿದು ಚಾಪೆಯ ಮೇಲೆ ಕೂತಿದ್ದಳು. ಅವಳು ಗಲಾಟೆ ಮಾಡದಿರಲೆಂದು ಅತ್ತೆ ಅವಳ ಕೈಗೆ ಅಂಗಿ ಗುಂಡಿಗಳ ಡಬ್ಬಿ ಕೊಟ್ಟಿದ್ದರು. ಆ ಡಬ್ಬಿಯೊಂದಿದ್ದರೆ ಅವಳಿಗೆ ಪ್ರಪಂಚವೇ ಬೇಡ.

"ಮಗು ಮಾತಾಡುತ್ತಾ?" ಎಂದು ಮೇಡಂ ಕೇಳಿದರು.

"ಮಾತು ಸ್ವಲ್ಪ ಕಮ್ಮೀನೇ. ಗಂಭೀರ ಸ್ವಭಾವ. ಹೆಣ್ಣುಮಕ್ಕಳು ಹಾಗಿದ್ರೇನೇ ಲಕ್ಷಣ ಅಲ್ವಾ?" ಎಂದರು ಅತ್ತೆ.

"ಹಟ ಮಾಡ್ತಾಳಾ?"

"ಛೆ ಛೆ. ಕೂರಿಸಿದ ಕಡೆ ಕೂತಿರ್ತಾಳೆ, ದೇವರಂಥ ಮಗು." ಆಮೇಲೆ ಬಾಗಿಲಿಗೆ ಕಟ್ಟಿದ್ದ ಮಣಿತೋರಣದ ಕಡೆ ಕೈ ತೋರಿಸಿ, "ಅದು ನಮ್ಮ ಪುಟ್ಟಿನೇ ಪೋಣಿಸಿದ್ದು" ಎಂದುಬಿಟ್ಟರು.

ಹೆಣ್ಣು ನೋಡಲು ಬಂದವರ ಮುಂದೆ ಎಲ್ಲ ಮನೆಯಲ್ಲೂ ಹೇಳುವ ಮಾತು ಅದು. ನನ್ನನ್ನು ನೋಡಲು ಬಂದಾಗ ನಮ್ಮಮ್ಮನೂ, ಅಂಗಡಿಯಲ್ಲಿ ಕೊಂಡ ಕಸೂತಿ ತೋರಿಸಿ ಮಗಳೇ ಹಾಕಿದ್ದು ಎಂದಿದ್ದಳು. ತೋರಣ ಅತ್ತೆಯೇ ಪೋಣಿಸಿದ್ದು. ಪೂರ್ತಿ ಸುಳ್ಳೂ ಅಲ್ಲ. ಪಕ್ಕದಲ್ಲಿ ಕೂತು ಕೆಂಪು, ಹಸಿರು, ಬಿಳಿ ಎಂದು ಬಣ್ಣ ತಪ್ಪದೆ ಮಣಿ ಎತ್ತಿಕೊಟ್ಟವಳು ಮಗಳು. ಒಂದು ಸಲ ಅತ್ತೆಯೇ ತಪ್ಪಿದಾಗ ಕಿರುಚಿ ಬಿಚ್ಚಿಸಿದ್ದಳು. ಮೇಡಂ ತೋರಣವನ್ನು ಮುಟ್ಟಿ ನೋಡಿ, "ತುಂಬಾ ಚೆನ್ನಾಗಿದೆ" ಎಂದರು. ನನ್ನ ಕಡೆ ತಿರುಗಿ, "ನಿಮಗೆ ಇವಳಿಂದ ಏನಾದ್ರೂ ತೊಂದ್ರೆ ಇದ್ಯಾ?" ಎಂದು ಕೇಳಿದರು.

"ಏನೂ ಇಲ್ಲ ಮೇಡಂ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಬಂದವರ ಮುಂದೆ ಮನೆಯ ತೊಂದರೆ ಹೇಳಿಕೊಳ್ಳುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಮೇಡಂ ಕೇಸರಿಭಾತು ತಿಂದು, ಕಾಫಿ ಕುಡಿದು, ಕುಂಕುಮ ಇಟ್ಟುಕೊಂಡು ಹೋದರು. ಅತ್ತೆ ಮೊಮ್ಮಗಳಿಗೆ ದೃಷ್ಟಿ ನಿವಾಳಿಸಿದರು. ನಮ್ಮವರು ಸಾಯಂಕಾಲ ಬಂದು, "ಒಪ್ಪಿಗೆಯಾಯ್ತಾ?" ಎಂದು ಕೇಳಿದರು. ಆದಂತೆಯೇ ಎಂದೆವು.

ಮುಂದಿನ ವಾರ ಶಾಲೆಯಿಂದ ಹೇಳಿಕಳಿಸಿದರು: ಮಗು ಚೆನ್ನಾಗಿದೆ, ಮನೆಯೂ ಅನುಕೂಲವಾಗಿದೆ, ಜಾಗವನ್ನು ಬೇರೆ ಮಗುವಿಗೆ ಕೊಡಬಹುದು ಎಂಬುದು ಮೇಡಂ ಅಭಿಪ್ರಾಯವಂತೆ. ನಾನು ಮಗಳ ಕೈ ಹಿಡಿದು ಎಳೆದುಕೊಂಡು ವಿಜಯನಗರಕ್ಕೆ ಓಡಿದೆ. ಟೀಚರ್ ಎಲ್ಲವನ್ನೂ ಕೇಳಿ ಹಣೆ ಚಚ್ಚಿಕೊಂಡಳು.

"ಅಲ್ಲಾ ಆಂಟಿ, ನೀವೇನು ವರನ ಕಡೆಯವರು ಬಂದಿದಾರೆ ಅನ್ಕೊಂಡ್ರಾ? ಅವಳಿಗೆ ಏನು ಬರಲ್ಲ ಅಂತ ನೋಡೋಕೆ ಬಂದವರಿಗೆ ಎಲ್ಲ ಬರುತ್ತೆ ಅಂತ ಹೇಳಿ ಕಳಿಸಿದೀರಲ್ಲ!"

"ಮತ್ತೆ ಮಗೂನ ಬಾಯ್ತುಂಬ ಹಳೀಬೇಕಿತ್ತಾ?" ಎಂದು ನಾನೂ ರೇಗಿದೆ.

"ಹೌದು. ಅವರನ್ನ ಕೇಳ್ಕೊಂಡು ಇನ್ನೊಂದು ಸಲ ಕರೆಸ್ತೀನಿ. ಏನೇನು ಬರಲ್ಲವೋ ಅಷ್ಟೂ ಹೇಳಿ. ಒಂದನ್ನೂ ಮುಚ್ಚಿಡಬೇಡಿ. ಅಜ್ಜೀನ ಎಲ್ಲಾದ್ರೂ ಕಳಿಸಿಬಿಡಿ."

ಬಸ್ಸಿನಲ್ಲಿ ಬರುವಾಗ ನನ್ನ ತಲೆ ಗಿರ್ರೆನ್ನುತ್ತಿತ್ತು. ಹೊಗಳಿದರೆ ಜಾಗವಿಲ್ಲ, ತೆಗಳಿದರೆ ಜಾಗ ಉಂಟು. ಇದು ಯಾವ ಸೀಮೆಯ ನ್ಯಾಯ? ಮಗಳು ಕಿಟಕಿಯ ಸರಳನ್ನು ನೆಕ್ಕುತ್ತಿದ್ದಳು. ಇದನ್ನೂ ಹೇಳಬೇಕೇನೋ ಎಂದುಕೊಂಡೆ, ತಕ್ಷಣ ನನ್ನ ಮೇಲೇ ಅಸಹ್ಯವಾಯಿತು.

ಅತ್ತೆಯನ್ನು ಕೆಂಗೇರಿಯಲ್ಲಿದ್ದ ನಾದಿನಿಯ ಮನೆಗೆ ಕಳಿಸಿದೆ. "ಮನೆ ಮಗೂನ ಊರವರ ಮುಂದೆ ಹೀಗಳೀತೀಯೇನೇ? ಬಾಯಿ ಹೇಗೆ ಬರುತ್ತೆ ನಿಂಗೆ?" ಎಂದು ಅತ್ತುಕೊಂಡೇ ಹೋದರು. ಈ ಸಲ ರವೆ ಇಲ್ಲ, ಮಲ್ಲಿಗೆ ಇಲ್ಲ, ಗುಂಡಿಗಳ ಡಬ್ಬಿಯನ್ನು ಬೀರುವಿನ ಮೇಲಿಟ್ಟೆ. ಮೇಡಂ ಬಂದಾಗ ಮಗಳು ಹರಿದ ಫ್ರಾಕಿನಲ್ಲಿ ಮೂಲೆಗೆ ಬೆನ್ನು ಹಾಕಿ ಕೂತು ಮುಚ್ಚಳ ತಿರುಗಿಸುತ್ತಿದ್ದಳು.

ನಾನು ಶುರು ಮಾಡಿದೆ. ಮೊದಲು ಮಾತು ತಡವರಿಸಿತು, ಆಮೇಲೆ ಕಟ್ಟೆ ಒಡೆದಂತಾಯಿತು. ಮಾತು ಬರಲ್ಲ, ಬಟ್ಟೆ ಹಾಕಿಕೊಳ್ಳಲು ಬರಲ್ಲ, ಕೈಯಾರೆ ಊಟ ಮಾಡಲು ಬರಲ್ಲ, ಚಡ್ಡಿಯಲ್ಲೇ ಎಲ್ಲ ಮಾಡಿಕೊಳ್ಳುತ್ತಾಳೆ, ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಾಳೆ, ರಾತ್ರಿ ಮಲಗುವುದಿಲ್ಲ, ಅಮ್ಮ ಎಂದು ಒಂದು ದಿನವೂ ಕರೆದಿಲ್ಲ. ಮೇಡಂ ಬಾಗಿಲ ಕಡೆ ನೋಡಿ, "ಆ ತೋರಣ ಇವಳೇ ಪೋಣಿಸಿದ್ದು ಅಂದಿದ್ರಲ್ಲ?" ಎಂದರು. ಬಣ್ಣ ತಪ್ಪದೆ ಮಣಿ ಎತ್ತಿಕೊಟ್ಟದ್ದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಎಲ್ಲಿ ಜಾಗ ತಪ್ಪಿಹೋಗುತ್ತದೋ ಎಂದು ಹೆದರಿಕೆಯಾಯಿತು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದೆ: "ಇಲ್ಲ ಮೇಡಂ. ಇವಳಿಗೆ ಏನೂ ಬರಲ್ಲ ಮೇಡಂ. ಏನಂದ್ರೆ ಏನೂ ಬರಲ್ಲ."

ಮಗಳು ತಿರುಗಿಯೂ ನೋಡಲಿಲ್ಲ. ಮುಚ್ಚಳ ತಿರುಗುತ್ತಲೇ ಇತ್ತು. ಮೇಡಂ ನನ್ನ ಕೈ ಹಿಡಿದು, "ಸೋಮವಾರದಿಂದ ಕಳಿಸಿ" ಎಂದರು.

ಗೆದ್ದೆನೋ ಸೋತೆನೋ ಗೊತ್ತಾಗಲಿಲ್ಲ. ಭಾನುವಾರ ಅತ್ತೆ ಕೆಂಗೇರಿಯಿಂದ ಬಂದರು. ನನ್ನ ಜೊತೆ ಮಾತು ಬಿಟ್ಟಿದ್ದರು. ಮಧ್ಯಾಹ್ನ ಮೊಮ್ಮಗಳಿಗೆ ಮೊಸರನ್ನ ತಿನ್ನಿಸುತ್ತಾ ಕೂತಿದ್ದರು. ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ಹಜಾರದಿಂದ ನನ್ನ ಧ್ವನಿ ಕೇಳಿಸಿತು. ನನ್ನದೇ. ಅದೇ ಎಳೆತ, ನಡುವೆ ಮೂಗು ಸೊರಗುಟ್ಟುವ ಅದೇ ಸದ್ದು.

"ಇವಳಿಗೆ ಏನೂ ಬರಲ್ಲ ಮೇಡಂ. ಏನಂದ್ರೆ ಏನೂ ಬರಲ್ಲ."

ಕೈಯಲ್ಲಿದ್ದ ಲೋಟ ಬಿತ್ತು. "ಅಯ್ಯೋ ನನ್ನ ಬಂಗಾರಾ!" ಎಂದು ಅತ್ತೆ ಚೀರಿದರು. "ಬಾರೇ ಇಲ್ಲಿ! ಮಗು ಮಾತಾಡ್ತು ಕಣೇ! ಒಂದಕ್ಷರ ತಪ್ಪಿಲ್ಲ!" ಮುನಿಸೆಲ್ಲ ಮರೆತು ನನ್ನನ್ನು ತಬ್ಬಿಕೊಂಡರು. ಮಗುವಿನ ಬಾಯಿಗೆ ಸಕ್ಕರೆ ಹಾಕಿದರು, ನನ್ನ ಬಾಯಿಗೂ ಹಾಕಿದರು. ನಮ್ಮವರು ಚಪ್ಪಲಿಯನ್ನೂ ಮೆಟ್ಟದೆ ಮೈಸೂರುಪಾಕು ತರಲು ಓಡಿದರು. ಬಂದವರ ಮುಂದೆ ಮಕ್ಕಳಿಂದ ಶ್ಲೋಕ ಹೇಳಿಸುವುದು ಎಲ್ಲ ಮನೆಯಲ್ಲೂ ಇತ್ತು. ನಮ್ಮ ಅತ್ತೆಗೆ ಆ ಭಾಗ್ಯ ಇಲ್ಲಿಯವರೆಗೆ ಸಿಕ್ಕಿರಲಿಲ್ಲ. ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿದರು. "ಹೇಳು ಪುಟ್ಟಿ, ಹೇಳಮ್ಮಾ." ಪುಟ್ಟಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಏನು ಹೇಳುತ್ತಿದ್ದಾಳೆ ಎಂದು ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ನಾನು ನಕ್ಕೆ, ಕಣ್ಣೀರು ಹಾಕಿದೆ, ಮತ್ತೆ ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ.

ಮಗಳಿಗೆ ಆ ಮಾತಿನ ಅರ್ಥ ಗೊತ್ತಿತ್ತೇ? ಸೋಮವಾರ ಟೀಚರನ್ನು ಮೊದಲು ಕೇಳಿದ್ದೇ ಅದನ್ನು. ಕುಕ್ಕರಿನ ಕೂಗಿನ ಹಾಗೆ ಅದೂ ಒಂದು ಸದ್ದು ಇರಬಹುದು, ಇಲ್ಲದೆಯೂ ಇರಬಹುದು ಎಂದಳು. ಅವಳಿಗೂ ಗೊತ್ತಿರಲಿಲ್ಲ. ಆ ರಾತ್ರಿಯಿಂದ ಮಗಳನ್ನು ಮಲಗಿಸುವಾಗ, "ಇವಳು ನನ್ನ ಜಾಣೆ, ಇವಳಿಗೆ ಎಲ್ಲ ಬರುತ್ತೆ" ಎಂದು ವರ್ಷಗಟ್ಟಲೆ ಕಿವಿಯಲ್ಲಿ ಹೇಳಿದೆ. ಅದನ್ನು ಅವಳು ಒಂದು ದಿನವೂ ತಿರುಗಿ ಹೇಳಲಿಲ್ಲ.

ಆ ಶಾಲೆಯಲ್ಲಿ ಅವಳು ಉಣ್ಣಲು ಕಲಿತಳು, ಬಟ್ಟೆ ಹಾಕಿಕೊಳ್ಳಲು ಕಲಿತಳು, ಬೇಕು ಬೇಡ ಎನ್ನಲು ಕಲಿತಳು. ಈಗ ಅವಳ ತಲೆಯಲ್ಲೂ ಬಿಳಿ ಕೂದಲು. ಅತ್ತೆ ಇಲ್ಲ, ನಮ್ಮವರೂ ಇಲ್ಲ. ಬಾಗಿಲಿಗೆ ಅವಳು ಒಬ್ಬಳೇ ಪೋಣಿಸಿದ ಮಣಿತೋರಣ ಇದೆ. ನನ್ನ ಧ್ವನಿ ಒಡೆದು ಹೋಗಿದೆ, ಫೋನಿನಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಆದರೆ ಹೊಸಬರು ಯಾರಾದರೂ ಬಂದು ತೋರಣವನ್ನು ನೋಡಿ, ಇದನ್ನು ಯಾರು ಮಾಡಿದ್ದು ಎಂದು ಕೇಳಿದರೆ, ಮಗಳು ನೆಟ್ಟಗೆ ಕೂತು, ಮೂಗು ಸೊರಗುಟ್ಟಿಸಿ, ನನ್ನ ಹರೆಯದ ಧ್ವನಿಯಲ್ಲಿ ಉತ್ತರ ಕೊಡುತ್ತಾಳೆ: "ಇಲ್ಲ ಮೇಡಂ. ಇವಳಿಗೆ ಏನೂ ಬರಲ್ಲ ಮೇಡಂ."

ಬಂದವರು ನನ್ನ ಮುಖ ನೋಡುತ್ತಾರೆ. ಅವಳೇ ಮಾಡಿದ್ದು ಎಂದು ಹೇಳುತ್ತೇನೆ. ಅವರು ನಂಬುವುದಿಲ್ಲ.