ಸೀರೆಯಂಚಿನ ಕುಸಳ

ಹೊಸ ಟಾವೆಲ್ಲಿಗೆ ಅದರದೇ ಒಂದು ವಾಸನೆ. ಗಂಜಿ, ಬಣ್ಣ, ಅದರಡಿಯಲ್ಲಿ ತುಸು ಮಗ್ಗದ ಎಣ್ಣೆ. ಸೊಲ್ಲಾಪುರದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊನ್ನೆ ಬೀಗರ ಮನೆಗೆ ಕೊಡಲು ತಂದಿದ್ದ ಟಾವೆಲ್ಲುಗಳನ್ನು ತೊಡೆಯ ಮೇಲಿಟ್ಟು ಮಡಿಸುತ್ತಿದ್ದಾಗ ಬೆರಳಿಗೆ ಏನೋ ಚುಚ್ಚಿತು. ನೋಡಿದರೆ ಕುಸಳ. ಒಣಹುಲ್ಲಿನ ಮೊನಚು ಬೀಜ, ಹಿಂದೆ ಬಾಲದಂತೆ ತಿರುಚಿಕೊಂಡ ಎಳೆ. ನನ್ನ ಸೀರೆಯಂಚಿನಿಂದ ಟಾವೆಲ್ಲಿಗೆ ದಾಟಿತ್ತು. ಅದನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದು ಕೂತವಳಿಗೆ ಒಲೆಯ ಮೇಲಿಟ್ಟ ಹಾಲು ಮರೆತೇ ಹೋಯಿತು.

ನಮ್ಮದು ಟಾವೆಲ್, ಚಾದರದ ವ್ಯಾಪಾರದ ಮನೆ. ಮುಂದೆ ಅಂಗಡಿ, ಹಿಂದೆ ನಾವು. ಮಗ್ಗದಿಂದ ಬಂದ ಟಾವೆಲ್ಲುಗಳನ್ನು ಮನೆಯ ಹೆಂಗಸರೇ ನಡುಮನೆಯ ಚಾಪೆಯ ಮೇಲೆ ಕೂತು, ಅಂಚಿನ ದಾರ ಕತ್ತರಿಸಿ, ಮಡಿಸಿ, ಕಟ್ಟುಕಟ್ಟಿ ಅಂಗಡಿಗೆ ಕಳಿಸುತ್ತಿದ್ದರು. ಅವರಲ್ಲಿ ಕಿರಿಯವಳು ನನ್ನ ಕಾಕು, ಅಪ್ಪನ ತಮ್ಮನ ಹೆಂಡತಿ. ತವರು ಬೋರಾಮಣಿ. ಹುಲ್ಲುಗಾವಲಿನ ಅಂಚಿನಲ್ಲಿ ಬೆಳೆದ ಅವಳಿಗೆ ನಮ್ಮ ಓಣಿಯ ಆಕಾಶ ಸಾಲುತ್ತಿರಲಿಲ್ಲ. ಆದರೆ ವ್ಯಾಪಾರಸ್ಥರ ಮನೆಯ ಸೊಸೆ ಸುಮ್ಮನೆ ತಿರುಗಾಡಲು ಹೋಗುವಂತಿರಲಿಲ್ಲ, ಏನಾದರೂ ಕೆಲಸ ಇರಬೇಕಿತ್ತು. ಕಾಕು ಹುಡುಕಿಕೊಂಡ ಕೆಲಸ ಅಜ್ಜನ ಪೂಜೆಗೆ ಪತ್ರಿ ತರುವುದು. ಕೆರೆಯ ಪಕ್ಕದ ಬಗೀಚೆಯಲ್ಲಿ, ಗೇಟಿನ ಹತ್ತಿರವೇ ಬಿಲ್ವದ ಮರವಿತ್ತು. ನಾವು ಹೋಗುತ್ತಿದ್ದದ್ದು ಮಾತ್ರ ಬಗೀಚೆಯ ಹಿಂದಿನ ತುದಿಯವರೆಗೆ. ಅಲ್ಲಿ ಹೂವಿನ ಮಡಿಗಳು ಮುಗಿದು ಬೇವು, ಜಾಲಿಗಳ ನಡುವೆ ಮೊಣಕಾಲೆತ್ತರದ ಹುಲ್ಲು, ಹುಲ್ಲಿನೊಳಗೆ ಒಂದು ಕಾಲುಹಾದಿ. ಕಾಕು ಮುಂದೆ, ಕಾನ್ವೆಂಟಿನ ಬಿಳಿ ಕಾಲುಚೀಲದಲ್ಲಿ ನಾನು ಹಿಂದೆ. ಒಂದು ಬೇಸಿಗೆಯಲ್ಲಿ ಆ ಹಾದಿಯ ನಟ್ಟನಡುವೆ ಟಿಟ್ಟಿಭ ಹಕ್ಕಿ ಮೊಟ್ಟೆಯಿಟ್ಟಿತ್ತು. ಕಲ್ಲು ಯಾವುದು, ಮೊಟ್ಟೆ ಯಾವುದು ತಿಳಿಯುತ್ತಿರಲಿಲ್ಲ. ಹಕ್ಕಿ ನಮ್ಮ ತಲೆಯ ಮೇಲೆ ಕಿರುಚುತ್ತ ಸುತ್ತಿತು. "ಬೈಯಾಕತ್ತೈತಿ ನೋಡ, ಬಾಣಂತಿ ಅದು. ಸುತ್ತ ಹಾಕಿ ಹೋಗೂನು," ಎಂದು ಕಾಕು ಪಕ್ಕಕ್ಕೆ ಸರಿದಳು. ಮರಿಗಳು ಓಡಿಹೋದ ಮೇಲೂ ನಾವು ಅಲ್ಲಿ ಸುತ್ತು ಹಾಕಿಯೇ ನಡೆದೆವು. ನಮ್ಮ ಹಿಂದೆ ಬಂದವರೂ ಹಾಗೇ ನಡೆದರು. ಹಾದಿಗೆ ಆ ತಿರುವು ಉಳಿದುಬಿಟ್ಟಿತು. ಅಂಥದೇ ಒಂದು ದಿನ ಮನೆಯ ಕಟ್ಟೆ ಹತ್ತುವಾಗ ಕಾಕು ಖಾಲಿ ಬುಟ್ಟಿ ನೋಡಿ ಹೌಹಾರಿದಳು. "ಅಯ್ಯ, ಪತ್ರಿನ ಮರತ್ವಲ್ಲ ತಂಗಿ!" ಇಬ್ಬರೂ ನಗುತ್ತ ಮತ್ತೆ ಓಡಿದೆವು.

ಮಳೆಗಾಲ ಮುಗಿದು ಹುಲ್ಲು ಒಣಗಿದ ಹೊತ್ತಿಗೆ ಅನಾಹುತವಾಯಿತು. ಪುಣೆಯಿಂದ ಬಂದ ಗಿರಾಕಿಯೊಬ್ಬರು ಅಂಗಡಿಯಲ್ಲಿ ಮುಖ ತೊಳೆದರು. ಅಜ್ಜ ಹೆಮ್ಮೆಯಿಂದ ಹೊಸ ಟಾವೆಲ್ ಕೊಟ್ಟರು. ಒರೆಸಿಕೊಂಡವರು "ಆಯೀ ಗ!" ಎಂದು ಕೂಗಿದರು. ಕಾಕುವಿನ ಸೀರೆಯಿಂದ ಚಾಪೆಗೆ, ಚಾಪೆಯಿಂದ ಟಾವೆಲ್ಲಿಗೆ ಬಂದ ಕುಸಳ ಅವರ ಕೆನ್ನೆಗೆ ಚುಚ್ಚಿತ್ತು. ಅಜ್ಜ ಒಳಗೆ ಬಂದವರೇ, "ನಾಳಿಂದ ಬಗೀಚಾ ಬಂದ್. ಪತ್ರಿ ಅಂಗಡಿ ಆಳು ತರತಾನ," ಎಂದರು. ಸಂಜೆ ಕಾಕು ರೊಟ್ಟಿ ಬಡಿಸುತ್ತ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಹೇಳಿದಳು: "ಮಾವಾರ, ಟಾವೆಲ್ ಒಂದೊಂದೂ ನಾ ಕೈಯಾಡಿಸಿ ನೋಡತೀನ್ರಿ. ಇನ್ನೊಂದ ಕುಸಳ ಸಿಕ್ರ ಹೊಸ್ತಿಲಾ ದಾಟಂಗಿಲ್ರಿ. ಆದ್ರ ಬಗೀಚಾಕ ಹೋಗೂದು ಮಾತ್ರ ಬಿಡಂಗಿಲ್ರಿ." ಆ ಮನೆಯಲ್ಲಿ ಅಜ್ಜನೆದುರು ಯಾವ ಸೊಸೆಯೂ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ಅಜ್ಜಿ, "ಗಿರಾಕಿಗೆ ಚುಚ್ಚಿದ್ದು ಕುಸಳ, ಚಾಕೂ ಅಲ್ಲ, ಬಿಡ್ರಿ," ಎಂದಳು. ಅಜ್ಜ ತಾಟು ಮುಂದೆ ಸರಿಸಿದರು. ಆಮೇಲೆ, "ರೊಟ್ಟಿ ನೀಡು," ಎಂದರು. ಅವರ ಒಪ್ಪಿಗೆ ಅಷ್ಟೇ ಉದ್ದ ಇರುತ್ತಿತ್ತು.

ಮರುದಿನದಿಂದ ಬಗೀಚೆಯ ಗೇಟಿನ ಕಲ್ಲಿನ ಮೇಲೆ ಕೂತು ಕುಸಳ ಆರಿಸುವುದು ನಮ್ಮ ನೇಮವಾಯಿತು. ಕಾಕು ನನ್ನ ಕಾಲುಚೀಲದ್ದು ಕೀಳುವಳು, ನಾನು ಅವಳ ಸೀರೆಯಂಚಿನದು. ಮುಂದಿನದೆಲ್ಲ ಮುಗಿದ ಮೇಲೆ, "ತಿರುಗು, ಹಿಂದ ನೋಡತೀನಿ," ಎನ್ನುವಳು. ಆಮೇಲೆ ತಾನು ತಿರುಗಿ ನಿಲ್ಲುವಳು. ಅಂಗಡಿಯ ಟಾವೆಲ್ಲಿನಲ್ಲಿ ಮತ್ತೆಂದೂ ಕುಸಳ ಸಿಗಲಿಲ್ಲ.

ಆ ಮನೆ ಈಗಿಲ್ಲ. ನಡುಮನೆಯಿದ್ದ ಜಾಗದಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಅಜ್ಜ, ಅಜ್ಜಿ ಹೋಗಿ ಬಹಳ ಕಾಲವಾಯಿತು. ಕಾಕು ಹೋದ ವರ್ಷ ಹೋದಳು. ಕೊನೆಗೆ ಹಾಸಿಗೆಯಿಂದ ಕೇಳುತ್ತಿದ್ದದ್ದು ಒಂದೇ: "ನಮ್ಮ ಹಾದಿ ಐತೇನ ತಂಗಿ? ಯಾರೂ ನಡೀಲಿಲ್ಲಂದ್ರ ಹುಲ್ಲು ನುಂಗತೈತಿ ಅದನ್ನ." ಹೋಗಿ ನೋಡಿದಾಗ ನಿಜಕ್ಕೂ ನುಂಗಿತ್ತು. ಬಗೀಚೆಯ ಸುತ್ತ ಈಗ ಬ್ಲಾಕ್ ಹಾಸಿದ ವಾಕಿಂಗ್ ಟ್ರ್ಯಾಕ್, ಎಲ್ಲರೂ ಅದರ ಮೇಲೆಯೇ. ಅಂದಿನಿಂದ ನಾನು ದಿನವೂ ಹುಲ್ಲಿನೊಳಗೆ ನಡೆಯುತ್ತಿದ್ದೇನೆ. "ಇಷ್ಟ ಛಲೋ ಟ್ರ್ಯಾಕ್ ಮಾಡ್ಯಾರ, ನೀ ದನಾ ಕಾಯಾಕ ಹೊಂಟಂಗ ಹುಲ್ಲಾಗ ಹೊಕ್ಕೀಯಲ್ಲ," ಎಂದು ನಮ್ಮ ಮನೆಯವರು ಚೇಷ್ಟೆ ಮಾಡುತ್ತಾರೆ. "ನಿಮ್ಮ ಟ್ರ್ಯಾಕ್ ಮ್ಯಾಲ ನೀವು ನಡೀರಿ, ನಮ್ಮ ಹಾದೀಲೆ ನಾವು ನಡೀತೀವಿ," ಎಂದೆ ಒಮ್ಮೆ. "ನಾವು ಅಂದ್ರ ಯಾರ್ಯಾರ?" ಎಂದರು ಅವರು.

ಮೊದಮೊದಲು ಹುಲ್ಲು ಬಾಗಿ ಮತ್ತೆ ಏಳುತ್ತಿತ್ತು. ಈ ಮಳೆಗಾಲ ಮುಗಿಯುವಷ್ಟರಲ್ಲಿ ಏಳುವುದನ್ನು ಬಿಟ್ಟಿತು. ಈಗ ಕಪ್ಪು ಮಣ್ಣು ಗೆರೆಯಾಗಿ ಕಾಣುತ್ತದೆ. ಹಕ್ಕಿ ಮೊಟ್ಟೆಯಿಟ್ಟಿದ್ದ ಜಾಗದಲ್ಲಿ ಸುತ್ತು ಹಾಕಿಯೇ ಹೋಗುತ್ತೇನೆ. ಒಂದು ಬೆಳಿಗ್ಗೆ ಕಿವಿಗೆ ಹಾಡು ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ನನ್ನ ಹಿಂದೆ ಬಂದಳು. ಏನನ್ನೂ ಕೇಳದೆ ಅವಳೂ ಅಲ್ಲಿ ಸುತ್ತು ಹಾಕಿದಳು.

ಮೊನ್ನೆ ಬೀಗರ ಟಾವೆಲ್ಲುಗಳನ್ನೆಲ್ಲ ಮತ್ತೆ ಬಿಚ್ಚಿ, ಒಂದೊಂದೂ ಕೈಯಾಡಿಸಿ ನೋಡಿ ಕಟ್ಟಿದೆ. ಕುಸಳ ಮನೆಯವರೆಗೆ ಹೇಗೆ ಬಂತೆಂದು ನನಗೆ ಗೊತ್ತು. ಗೇಟಿನ ಕಲ್ಲಿನ ಮೇಲೆ ಕೂತು ಮುಂದಿನದೆಲ್ಲ ಆರಿಸುತ್ತೇನೆ, ಹಿಂದಿನ ಅಂಚು ನನ್ನ ಕಣ್ಣಿಗೆ ಸಿಗುವುದಿಲ್ಲ. ಆದರೂ ಏಳುವಾಗ ದಿನವೂ ಬೆನ್ನು ತಿರುಗಿಸಿ ಒಂದು ಗಳಿಗೆ ನಿಲ್ಲುತ್ತೇನೆ. ಆಮೇಲೆ ಮನೆಗೆ ಬರುತ್ತೇನೆ.