ಪಾಡ್ದನದ ಎರಡನೇ ಬದಿ

೨೦೦೭ನೇ ಇಸವಿ, ಜೂನ್ ೧೬, ಶನಿವಾರ, ಬೆಳಗ್ಗೆ ಒಂಬತ್ತು ಗಂಟೆ. ತೋಡಾರಿನ ನನ್ನ ಕೋಣೆಯಲ್ಲಿ ಇದ್ದವರು ಮೂವರು: ನಾನು, ಮೆಲ್ಕಾರಿನಲ್ಲಿ ಟಯರ್ ಅಂಗಡಿ ಇಟ್ಟಿದ್ದ ಒಬ್ಬ ಗಂಡಸು, ಕೊಕ್ಕಡದಿಂದ ಬಂದ ಅವನ ಅಕ್ಕ.

ಅವರ ತಾಯಿ ತೀರಿಕೊಂಡ ಹತ್ತನೇ ದಿನ ಅದು. ಮಂಗಳವಾರ ಬೊಜ್ಜ, ಹದಿಮೂರನೇ ದಿನದ ಉತ್ತರಕ್ರಿಯೆ. ಆ ದಿನ ಊಟಕ್ಕೆ ಬಂದ ನೆಂಟರಿಗೆ ತಾಯಿ ಹಾಡಿದ ಪಾಡ್ದನ, ತುಳುವಿನ ಕಥೆಹಾಡು, ಕೇಳಿಸಲು ಸಿ.ಡಿ. ಬೇಕಿತ್ತು. ತಾಯಿಯ ದನಿ ಉಳಿದದ್ದು ಒಂದೇ ಕ್ಯಾಸೆಟ್ಟಿನಲ್ಲಿ.

ಮೂವತ್ತು ವರ್ಷ ಡ್ರಿಲ್ ಮಾಸ್ಟರಾಗಿದ್ದವನು ನಾನು. ನಿವೃತ್ತಿಯ ನಂತರ ಕ್ಯಾಸೆಟ್‌ಗಳನ್ನು ಸಿ.ಡಿ.ಗೆ ಇಳಿಸುವಾಗಲೂ ನಿಯಮ ಬಿಡಲಿಲ್ಲ. ಎರಡೂ ಬದಿ, ತಂದವರ ಎದುರಿನಲ್ಲೇ, ಮೊದಲಿನಿಂದ ಕೊನೆಯವರೆಗೆ ಕಂಪ್ಯೂಟರಿಗೆ ಹೋಗಬೇಕು. ಒಂದು ಬದಿ ಸಾಕೆಂದು ಟಯರ್ ಅಂಗಡಿಯವನು ಎರಡು ಸಲ ಹೇಳಿದ. ನಾನು ಕೇಳಲಿಲ್ಲ.

"ಪೆನ್ಶನ್ ಬಂದರೂ ಮಾಷ್ಟ್ರು ಹಾಜರಿ ತೆಗೆಯುವುದು ಬಿಡುವುದಿಲ್ಲ," ಎಂದು ಅಕ್ಕನತ್ತ ನೋಡಿ ನಕ್ಕ.

ಎರಡನೇ ಬದಿಯ ನಡುವೆ ಹಾಡು ಕಡಿಯಿತು. ಗಂಡಸಿನ ಬೈಗುಳ, ಕೆನ್ನೆಗೆ ಬಿದ್ದ ಏಟು, ಪಾತ್ರೆ ಉರುಳಿದ ಸದ್ದು. ಆಮೇಲೆ ಕಟ್ಟಿಗೆಯ ಏಟುಗಳು, ನಾಲ್ಕು. ತಾಯಿಯ ಚೀತ್ಕಾರ. ಸ್ವಲ್ಪ ಹೊತ್ತು ಬರೀ ಏದುಸಿರು. ನಂತರ ಕಡಿದ ಸಾಲಿನಿಂದಲೇ ಹಾಡು ಮತ್ತೆ ಶುರುವಾಗಿ ಕೊನೆ ಮುಟ್ಟಿತು.

ಅದನ್ನು ಅಳಿಸಬೇಕು, ಅಪ್ಪನ ಮಾನದ ಪ್ರಶ್ನೆ ಎಂದ ತಮ್ಮ. ಬೊಜ್ಜಕ್ಕೆ ಒಂದನೇ ಬದಿ ಸಾಕು, ಎರಡನೆಯದು ಪೂರ್ತಿ ತನಗೆ ಬೇಕು ಎಂದಳು ಅಕ್ಕ.

"ಅಮ್ಮ ಹಾಡು ಮುಗಿಸಿದ್ದಾರೆ ಮಾರಾಯ. ನೀನು ನಡುವೆ ಕತ್ತರಿಸುವುದು ಬೇಡ."

ಅವನು ಕ್ಯಾಸೆಟ್ ಕಿತ್ತು ನೆಲಕ್ಕೆ ಬಡಿದು ಚಪ್ಪಲಿಯಲ್ಲಿ ತುಳಿದ. ನನ್ನ ತಪ್ಪು, ಆಗ ನನ್ನ ಕಣ್ಣು ಕಂಪ್ಯೂಟರಿನತ್ತ ಹೋಯಿತು. ಹಾಡು ಪೂರ್ತಿ ಅಲ್ಲಿ ಉಂಟೆಂದು ಅವನಿಗೆ ತಿಳಿದುಬಿಟ್ಟಿತು. ಅದರ ಮೇಲೆ ಎರಗಿದ. ಅಕ್ಕ ಅಡ್ಡ ನಿಂತಳು. ಕೆನ್ನೆಗೆ ಹೊಡೆದ, ಅವಳ ಹಣೆ ಮೇಜಿನ ಅಂಚಿಗೆ ಬಡಿದು ರಕ್ತ ಚಿಮ್ಮಿತು. ಮತ್ತೆ ಎತ್ತಿದ ಕೈಯನ್ನು ನಾನು ಹಿಡಿದು ಬೆನ್ನಿಗೆ ತಿರುಚಿ ಅವನನ್ನು ಗೋಡೆಗೆ ಒತ್ತಿದೆ. ಅವನ ಮೊಣಕೈ ನನ್ನ ಬಾಯಿಗೆ ಬಿದ್ದು ಒಂದು ಹಲ್ಲು ಅಲುಗಿತು. ನಾನು ಬಿಡಲಿಲ್ಲ.

ಅಕ್ಕ ಸೆರಗಿನಿಂದ ಹಣೆ ಒತ್ತಿಕೊಂಡು ಮೆಲ್ಲನೆ ಕೇಳಿದಳು: "ಮಾಷ್ಟ್ರೇ, ಈಗಿನ ಏಟು ಕೂಡ ಅದರಲ್ಲಿ ಬಂತಾ?"

ನನ್ನ ಹಿಡಿತದಲ್ಲಿದ್ದ ತೋಳು ಸಡಿಲವಾಯಿತು. ಬಿಟ್ಟೆ. ಅವನು ತನ್ನ ಅಂಗೈ ನೋಡಿಕೊಂಡ, ಹೊರಗೆ ಹೋಗಿ ಬೈಕ್ ಸ್ಟಾರ್ಟ್ ಮಾಡಿದ.

ಗಾಯ ತೊಳೆದು ಬಟ್ಟೆ ಕಟ್ಟಿದೆ. ಆಸ್ಪತ್ರೆಗೆ ಹೋಗುವ ಎಂದರೆ, ಸಿ.ಡಿ. ಕೈಗೆ ಬಾರದೆ ಏಳುವುದಿಲ್ಲವೆಂದು ಕುಳಿತಳು. ಮೊದಲು ಬೊಜ್ಜದ ಸಿ.ಡಿ., ನಂತರ ಅವಳದ್ದು, ಎರಡನ್ನೂ ನಿಧಾನದ ವೇಗದಲ್ಲಿ ಬರೆಸಿದೆ. ಸಿ.ಡಿ.ಯ ಮೇಲೆ ಮತ್ತೆ ಬರೆಯಲು ಬಾರದಂತೆ ಮುಚ್ಚಬೇಕೇ ಎಂದು ಕಂಪ್ಯೂಟರ್ ಕೇಳಿತು, ಹೌದು ಒತ್ತಿದೆ. ನಿಯಮದಂತೆ ಅವಳ ಸಿ.ಡಿ.ಯನ್ನು ಕೊನೆಯವರೆಗೆ ಕೇಳಿ ಪರೀಕ್ಷಿಸಿದೆವು. ಏಟಿನ ಜಾಗ ಬಂದಾಗ ಅವಳು ಕಣ್ಣು ಮುಚ್ಚಲಿಲ್ಲ.

ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಮೂರು ಹೊಲಿಗೆ. ಅವಳನ್ನು ಬಸ್ಸು ಹತ್ತಿಸಿ ಬಂದು, ಟೇಪಿನ ಚೂರು ಗುಡಿಸಿ, ಸಂಜೆ ಐದೂವರೆಗೆ ಮೇಜಿನ ಅಂಚಿನ ರಕ್ತ ಒರೆಸಿದೆ.