ಡೇರೆಯಲ್ಲಿ ಕೆಳಗಿಟ್ಟ ಕಾಫಿ

ನಮ್ಮ ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಅವಳು ಇಂಥ ದೇಶದವಳು ಎಂದು ಹೇಳುವ ಒಂದು ಚೂರು ಕಾಗದವೂ ನಮ್ಮಲ್ಲಿ ಇರಲಿಲ್ಲ. ಇದ್ದದ್ದು ಕುವೈತಿನ ಆಸ್ಪತ್ರೆಯವರು ಕೊಟ್ಟ ಜನನಪತ್ರ ಮಾತ್ರ. ಅದರಲ್ಲಿ ಮಗುವಿನ ತೂಕ, ಹುಟ್ಟಿದ ಹೊತ್ತು, ನನ್ನ ಹೆಸರನ್ನು ಸುಮಾರಾಗಿ ಹೋಲುವ ಒಂದು ಅರಬ್ಬೀ ಹೆಸರು ಇದ್ದವು. ಹೆಂಡತಿ ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದಳು.

ಎಂಬತ್ತರ ದಶಕದ ಒಂದು ಚಳಿಗಾಲ ಅದು. ಮೈಸೂರಿನಿಂದ ಹೋಗಿದ್ದ ನಾನು ಕುವೈತ್ ಪೇಟೆಯ ಮಿರ್ಕಾಬ್ ಬಡಾವಣೆಯ ಒಂದು ಕಂಟ್ರಾಕ್ಟ್ ಕಂಪನಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿದ್ದೆ. ಮನೆ ಬ್ನೇದ್ ಅಲ್ ಗಾರ್‌ನಲ್ಲಿ, ಮೂರನೇ ಮಹಡಿ. ಮಗು ಹುಟ್ಟಿದರೆ ಮಾಡಬೇಕಾದದ್ದು ಎರಡೇ ಕೆಲಸ. ನಮ್ಮ ರಾಯಭಾರ ಕಚೇರಿಗೆ ಹೋಗಿ ತಾಯಿಯ ಪಾಸ್‌ಪೋರ್ಟಿನಲ್ಲಿ ಮಗುವಿನ ಹೆಸರು ಬರೆಸಬೇಕು. ಆಮೇಲೆ ಅದನ್ನು ತೋರಿಸಿ ಅಲ್ಲಿನ ಸರ್ಕಾರದಿಂದ ಮಗುವಿಗೆ ಇಕಾಮಾ, ಅಂದರೆ ವಾಸದ ಪರವಾನಗಿ, ಹಾಕಿಸಬೇಕು. ಅದಕ್ಕೊಂದು ಗಡುವು ಇತ್ತು. ದಾಟಿದರೆ ತಾಯಿ ಮಗು ಇಬ್ಬರನ್ನೂ ದೇಶ ಬಿಡಿ ಎನ್ನಬಹುದು ಎಂದು ಇಕಾಮಾ ಕಚೇರಿಯ ಕಿಟಕಿಯಾಚೆ ಕೂತ ಗುಮಾಸ್ತ ನನಗೆ ಹೇಳಿದ್ದ. ದೇಶ ಬಿಡಲಿಕ್ಕೂ ಮಗುವಿಗೆ ಕಾಗದ ಬೇಕಲ್ಲ ಎಂದು ನಾನು ಕೇಳಿದ್ದಕ್ಕೆ ಅವನು ಮುಂದಿನವನನ್ನು ಕರೆದ.

ತೊಡಕು ಇದ್ದದ್ದು ನಮ್ಮ ಪಾಸ್‌ಪೋರ್ಟುಗಳಲ್ಲಿ. ನಮ್ಮನ್ನು ಕರೆಸಿಕೊಂಡು ನಮ್ಮ ಜವಾಬ್ದಾರಿ ಹೊತ್ತ ಕುವೈತಿ ಯಜಮಾನರಿಗೆ ಅಲ್ಲಿ ಕಫೀಲ್ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ದಿನವೇ ಪಾಸ್‌ಪೋರ್ಟು ಕಫೀಲನ ಸೇಫಿಗೆ ಹೋಗುತ್ತಿತ್ತು. ಎಲ್ಲ ಕಂಪನಿಯಲ್ಲೂ ಇದೇ ರೂಢಿ, ಯಾರೂ ಇದನ್ನು ಅನ್ಯಾಯ ಎಂದು ಕರೆಯುತ್ತಿರಲಿಲ್ಲ. ಹೆಂಡತಿಯದು ಅವಳ ಹತ್ತಿರವೇ ಇತ್ತು. ನಾನೇ ಜಾಣನ ಹಾಗೆ, ಇಬ್ಬರ ಇಕಾಮಾವೂ ಒಟ್ಟಿಗೆ ನವೀಕರಣವಾಗಲಿ ಎಂದು ಅದನ್ನೂ ಒಯ್ದು ಆಫೀಸಿನಲ್ಲಿ ಕೊಟ್ಟಿದ್ದೆ. ನವೀಕರಣವಾಯಿತು, ಎರಡೂ ಸೇಫಿಗೆ ಹೋದವು. ಹೊಳೆಗೆ ಹಾಕಿದ ಹುಣಸೆಹಣ್ಣು ಎಂದು ಹೆಂಡತಿ ಅಂದಳು, ದಿನಕ್ಕೊಂದು ಸಲದಂತೆ.

ಸೇಫಿನ ಬೀಗದ ಕೈ ಯಜಮಾನರ ಜೇಬಿನಲ್ಲಿ. ಯಜಮಾನರು ಆಫೀಸಿಗೆ ಬರುವುದನ್ನೇ ಬಿಟ್ಟಿದ್ದರು, ಯಾಕೆಂದರೆ ಆ ಚಳಿಗಾಲ ಅವರು ಪಾರ್ಲಿಮೆಂಟಿನ ಚುನಾವಣೆಗೆ ನಿಂತಿದ್ದರು. ಮ್ಯಾನೇಜರನನ್ನು ಕೇಳಿದರೆ ‘ಬುಕ್ರಾ’, ನಾಳೆ. ಆ ನಾಳೆ ನಾಲ್ಕು ವಾರ ಬೆಳೆಯಿತು. ಯಜಮಾನರ ಸೆಕ್ರೆಟರಿ ಮಂಗಳೂರಿನವರು, ಮನೆಯಲ್ಲಿ ಕೊಂಕಣಿ, ಆಫೀಸಿನಲ್ಲಿ ಅರಬ್ಬಿ, ನನ್ನ ಜೊತೆ ಕನ್ನಡ. ಅವರು ಪಾಪ ಎರಡು ಸಲ ನೆನಪಿಸಿದ್ದರು. ಯಜಮಾನರು ತಲೆ ಆಡಿಸಿ ಮರೆತಿದ್ದರು. ನೀವೇ ನೇರ ಹೋಗಿ ಕೇಳಿ ಎಂದು ಅವರು ಹೇಳುತ್ತಲೇ ಇದ್ದರು.

ನನಗೆ ಧೈರ್ಯ ಸಾಲಲಿಲ್ಲ. ಪಾಸ್‌ಪೋರ್ಟು ಕೇಳಿದವನು ಬೇರೆ ಕಂಪನಿಗೆ ಓಡುವವನು ಎಂಬ ಗುಮಾನಿ ಅಲ್ಲಿ ಎಲ್ಲ ಯಜಮಾನರಿಗೂ ಇತ್ತು. ನಮ್ಮ ಸೈಟಿನ ಒಬ್ಬ ಸರ್ವೇಯರ್ ಹೀಗೇ ಕೇಳಿ, ಒಂದೇ ವಾರದಲ್ಲಿ ‘ಖಲಾಸ್’ ಎನ್ನಿಸಿಕೊಂಡು ವಿಮಾನ ಹತ್ತಿದ್ದ. ಅಲ್ಲದೆ ನಾನು ಹುಟ್ಟಾ ಮುಖೇಡಿ. ಬಸ್ಸಿನಲ್ಲಿ ಚಿಲ್ಲರೆ ಕೊಡದ ಕಂಡಕ್ಟರನನ್ನೂ ಕೇಳದೆ ಇಳಿದುಬಿಡುವವನು.

ಪಕ್ಕದಲ್ಲೇ ಎರಡು ದೇಶಗಳು ವರ್ಷಗಟ್ಟಲೆ ಯುದ್ಧ ಮಾಡುತ್ತಿದ್ದ ಕಾಲ. ರೇಡಿಯೋದಲ್ಲಿ ಸುದ್ದಿ ಬಂದಾಗಲೆಲ್ಲ ಹೆಂಡತಿ ಮಗುವನ್ನು ಎತ್ತಿಕೊಂಡು ನಿಲ್ಲುತ್ತಿದ್ದಳು. ಒಂದು ಬೆಳಗ್ಗೆ ಕೇಳಿಯೇಬಿಟ್ಟಳು.

“ನಾಳೆ ಎಲ್ಲಾರೂ ಓಡ್ಬೇಕು ಅಂತಾದ್ರೆ ನಾವು ಹೋಗೋದು ಹ್ಯಾಗೆ? ನಿಮ್ದಿಲ್ಲ, ನಂದಿಲ್ಲ, ಇವ್ಳದ್ದಂತೂ ಹುಟ್ಟೇ ಇಲ್ಲ. ಬಾಯಿದ್ದೋನು ಬರದಲ್ಲೂ ಬದುಕ್ದ ಅಂತಾರೆ. ನಿಮಗೆ ಬಾಯಿರೋದು ಊಟಕ್ಕೆ ಮಾತ್ರಾನಾ?”

ಊಟಕ್ಕೆ ಮಾತ್ರ ಇರುವ ಆ ಬಾಯಿಗೂ ಅವಳೇ ಬೀಗ ಹಾಕಿದಳು. ನಮ್ಮದು ಮಾಧ್ವರ ಮನೆ, ಆದರೆ ಕುವೈತಿಗೆ ಬಂದ ಮೇಲೆ ಏಕಾದಶಿಯ ದಿನ ಅವಲಕ್ಕಿ, ಹಣ್ಣು, ಕಾಫಿ ಎಲ್ಲ ನಡೆಯುತ್ತಿತ್ತು. ಮಗುವಿನ ಕಾಗದ ಆಗುವವರೆಗೆ ನೀವು ಏಕಾದಶಿ ನಿಟ್ಟುಪವಾಸ ಮಾಡಬೇಕು, ಒಂದು ತೊಟ್ಟು ನೀರೂ ಕೂಡದು ಎಂದು ಅವಳು ಹರಕೆ ಹೊತ್ತಳು. ತಾನು ಎದೆಹಾಲು ಕೊಡುವವಳಾದ್ದರಿಂದ ಉಪವಾಸದ ಪಾಲು ಪೂರ್ತಿ ನನ್ನದೇ. ಹರಕೆ ಒಬ್ಬರದು, ಹೊಟ್ಟೆ ಇನ್ನೊಬ್ಬರದು ಎಂದು ಗೊಣಗಿದೆನಾದರೂ ಒಪ್ಪಿಕೊಂಡೆ. ಯಜಮಾನರನ್ನು ಕೇಳುವುದಕ್ಕಿಂತ ದೇವರನ್ನು ಕೇಳುವುದು ನನಗೂ ಸುಲಭವಾಗಿತ್ತು.

ಗಡುವಿಗೆ ಹನ್ನೊಂದು ದಿನ ಉಳಿದಿದ್ದಾಗ ಯಜಮಾನರ ಪ್ರಚಾರದ ಡೇರೆಗೆ ದೀಪ, ಮೈಕು ಹಾಕಿಸುವ ಕೆಲಸ ನನಗೆ ಬಂತು. ಅವರ ಮನೆಯ ಎದುರಿನ ಬಯಲಲ್ಲಿ ಮದುವೆ ಚಪ್ಪರದಷ್ಟು ದೊಡ್ಡ ಡೇರೆ. ಒಳಗೆ ಕೆಂಪು ಜಮಖಾನ, ಸುತ್ತ ಒರಗುದಿಂಬು. ಸಂಜೆಯ ಪ್ರಾರ್ಥನೆ ಮುಗಿಯುತ್ತಿದ್ದಂತೆ ಗಂಡಸರು ಬಂದು ಸಾಲಾಗಿ ಕೂರುವರು. ಮುದುಕನೊಬ್ಬ ಕೊಕ್ಕಿನಂಥ ಮೂತಿಯ ಹಿತ್ತಾಳೆ ಪಾತ್ರೆ ಹಿಡಿದು ಏಲಕ್ಕಿ ಹಾಕಿದ ಕಹಿ ಕಾಫಿ ಬಗ್ಗಿಸುತ್ತಾ ಓಡಾಡುವನು. ಕಪ್ಪಿಗೆ ಹಿಡಿ ಇಲ್ಲ, ಗಾತ್ರ ನಮ್ಮ ತೀರ್ಥದ ಉದ್ಧರಣೆಗಿಂತ ತುಸು ದೊಡ್ಡದು. ಸಾಕು ಎನ್ನಿಸಿದರೆ ಖಾಲಿ ಕಪ್ಪನ್ನು ಅಲ್ಲಾಡಿಸಿ ಕೊಡಬೇಕು ಎಂಬಷ್ಟು ನನಗೆ ಗೊತ್ತಿತ್ತು. ಅಷ್ಟೇ ಗೊತ್ತಿತ್ತು.

ಆ ದಿನ ಏಕಾದಶಿ. ಬೆಳಗಿನಿಂದ ವೈರು ಎಳೆದೆಳೆದು ಗಂಟಲು ಒಣಗಿತ್ತು. ನಾನು ಡೇರೆಯ ಬಾಗಿಲಲ್ಲಿ ಆಂಪ್ಲಿಫೈಯರ್ ಪಕ್ಕ ನಿಂತು ಯಜಮಾನರ ಭಾಷಣ ಕೇಳಿದೆ. ಅರ್ಥವಾಗದ್ದನ್ನು ಸೆಕ್ರೆಟರಿ ಕಿವಿಯಲ್ಲಿ ಹೇಳುತ್ತಿದ್ದರು.

ಯಜಮಾನರು ಎದುರಿಸಿದ್ದು ಆಗಲೇ ಆ ಕ್ಷೇತ್ರದಲ್ಲಿ ಬೇರುಬಿಟ್ಟಿದ್ದ ಸದಸ್ಯರನ್ನು. ಆ ಸದಸ್ಯರ ವಾದ ಇಷ್ಟು: ಯುದ್ಧ ಬಾಗಿಲಲ್ಲಿದೆ, ದೇಶದ ಭದ್ರತೆ ಮೊದಲು, ಪೌರತ್ವದ ಹಕ್ಕನ್ನು ಹಂಚುವ ಹೊತ್ತು ಇದಲ್ಲ. ಯಜಮಾನರು ಇದನ್ನೇ ತಿರುಗಿಸಿ ಕೇಳುತ್ತಿದ್ದರು. ಅಲ್ಲಿನ ಪೌರರಲ್ಲೇ ಓಟಿರುವವರು, ಇಲ್ಲದವರು ಎಂದು ಎರಡು ದರ್ಜೆ ಇತ್ತು. ಹೆಂಗಸರಿಗಂತೂ ಓಟೇ ಇಲ್ಲ. ಇವರೆಲ್ಲರ ಆಚೆಗೆ, ಅಲ್ಲೇ ಹುಟ್ಟಿ ಬೆಳೆದು, ಸೈನ್ಯದಲ್ಲಿ ದುಡಿಯುತ್ತಿದ್ದರೂ ಯಾವ ಕಾಗದವೂ ಇಲ್ಲದ ಜನ ಇದ್ದರು. ಒಂದೇ ಮನೆಯಲ್ಲಿ ಒಬ್ಬ ಮಗನನ್ನು ಹಾಸಿಗೆಯಲ್ಲಿ, ಇನ್ನೊಬ್ಬನನ್ನು ಹೊಸ್ತಿಲಾಚೆ ಮಲಗಿಸಿದರೆ ಕಳ್ಳ ಬಂದಾಗ ಕೂಗುವವರು ಯಾರು ಎಂದು ಯಜಮಾನರು ಕೇಳಿದರು. ಗಡಿ ಕಾಯುವವನ ಜೇಬಿನಲ್ಲಿ ಕಾಗದವಿಲ್ಲ, ಬೆಚ್ಚಗೆ ಮಲಗಿದವನ ಜೇಬಿನಲ್ಲಿದೆ, ಇದಕ್ಕೆ ಭದ್ರತೆ ಎನ್ನುತ್ತೀರಾ ಎಂದರು. ಒಪ್ಪದವರು ಕೆಮ್ಮಿದರು. ಮೂಲೆಯಲ್ಲಿ ಕೂತಿದ್ದ ನಾಲ್ಕೈದು ಜನ ಮುಖ ತಗ್ಗಿಸಿ ಜಮಖಾನದ ದಾರ ಕೀಳುತ್ತಿದ್ದರು. ಅವರು ಯಾರೆಂದು ಸೆಕ್ರೆಟರಿ ಹೇಳಬೇಕಾಗಲಿಲ್ಲ.

ನನಗೆ ಮೈ ಜುಮ್ಮೆಂದಿತು ಎಂಬುದು ನಿಜ. ಸಿಟ್ಟೂ ಬಂತು ಎಂಬುದೂ ನಿಜ. ಅವರ ಸಮಾನತೆಯಲ್ಲಿ ಪರದೇಶಿಗಳಾದ ನಮಗೆ ಪಾಲಿರಲಿಲ್ಲ, ನಾವು ಕೇಳಿಯೂ ಇರಲಿಲ್ಲ. ಆದರೆ ಕಾಗದವಿಲ್ಲದವರ ಕಷ್ಟವನ್ನು ಇಷ್ಟು ಚೆನ್ನಾಗಿ ಹೇಳಬಲ್ಲ ಮನುಷ್ಯನ ಜೇಬಿನಲ್ಲೇ ನನ್ನ ಮಗಳ ಕಾಗದದ ಬೀಗದ ಕೈ ಇತ್ತಲ್ಲ. ಊರಿಗೆಲ್ಲ ಪುರಾಣ ಹೇಳುವವನ ಮನೆಯ ಬದನೆಕಾಯಿ ಎಂದುಕೊಂಡೆ, ಮನಸ್ಸಿನಲ್ಲೇ.

ಭಾಷಣ ಮುಗಿಯಿತು. ಮೈಕು ಒಮ್ಮೆಯೂ ಕಿರುಚದಿದ್ದದ್ದು ಯಜಮಾನರಿಗೆ ಖುಷಿಯಾಗಿರಬೇಕು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕೈಸನ್ನೆ ಮಾಡಿ ಒಳಗೆ ಕರೆದು ತಮ್ಮ ಎದುರಿಗೇ ಕೂರಿಸಿದರು. ಮುದುಕ ಬಂದು ಕಪ್ಪು ಕೊಟ್ಟು ಕಾಫಿ ಬಗ್ಗಿಸಿದ. ಬೇಡ ಎನ್ನುವುದು ಒರಟುತನವಾದೀತು ಎಂದು ಬಲಗೈಯಲ್ಲೇ ತೆಗೆದುಕೊಂಡೆ. ಕುಡಿಯುವಂತಿಲ್ಲ. ಏಲಕ್ಕಿಯ ಘಮ ಮೂಗಿಗೆ ಬಡಿದು ಖಾಲಿ ಹೊಟ್ಟೆ ಗುರ್ರೆಂದಿತು. ಯಾರೂ ನೋಡದಾಗ ಪಕ್ಕಕ್ಕೆ ಸರಿಸಿದರಾಯಿತು ಎಂದು ತುಂಬಿದ ಕಪ್ಪನ್ನು ಮೆಲ್ಲಗೆ ನನ್ನ ಮುಂದೆ ಜಮಖಾನದ ಮೇಲಿಟ್ಟೆ.

ಪಕ್ಕದವರ ಮಾತು ನಿಂತಿತು. ಆಮೇಲೆ ಅವರ ಪಕ್ಕದವರದು. ನೋಡನೋಡುತ್ತ ಡೇರೆಗೆ ಡೇರೆಯೇ ಸುಮ್ಮನಾಯಿತು. ಮುದುಕ ಪಾತ್ರೆ ಹಿಡಿದು ನಿಂತಲ್ಲೇ ನಿಂತ. ಎಲ್ಲರೂ ಒಮ್ಮೆ ಕಪ್ಪನ್ನು, ಒಮ್ಮೆ ನನ್ನನ್ನು, ಒಮ್ಮೆ ಯಜಮಾನರನ್ನು ನೋಡುತ್ತಿದ್ದರು. ಏನೋ ಘೋರ ತಪ್ಪಾಗಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ನನ್ನ ಕಣ್ಣ ಮುಂದೆ ಸರ್ವೇಯರನ ವಿಮಾನ ಬಂದು ಹೋಯಿತು.

ಸೆಕ್ರೆಟರಿ ಹಿಂದಿನಿಂದ ಬಗ್ಗಿ ಪಿಸುಗುಟ್ಟಿದರು.

“ಎಂತ ಮಾರಾಯ್ರೇ, ಎಷ್ಟು ಧೈರ್ಯ ನಿಮ್ಗೆ! ಕಪ್ಪು ಕೆಳಗಿಟ್ರೆ ಇವರಲ್ಲಿ ಅರ್ಥ ಉಂಟು. ನಂದೊಂದು ಕೆಲಸ ಆಗ್ಬೇಕು, ನೀವು ಮಾತು ಕೊಡುವವರೆಗೆ ನಿಮ್ಮ ಕಾಫಿ ಮುಟ್ಟುದಿಲ್ಲ ಅಂತ. ಅವರು ಈಗ ಕೇಳ್ತಾರೆ. ಹೇಳಿಬಿಡಿ.”

ಯಜಮಾನರು ಕೇಳಿಯೂ ಬಿಟ್ಟರು, ಇಂಗ್ಲಿಷಿನಲ್ಲಿ. ನಿನಗೆ ಏನು ಬೇಕು?

ಇಲ್ಲ ಸ್ವಾಮಿ, ಇವತ್ತು ಏಕಾದಶಿ, ಎಂದು ಹೇಳುವುದೇ ನನ್ನ ಸ್ವಭಾವಕ್ಕೆ ಹೊಂದುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಏಕಾದಶಿಯನ್ನು ಇಂಗ್ಲಿಷಿನಲ್ಲಿ ವಿವರಿಸುವುದು ಹೇಗೆ ಎಂದು ಯೋಚಿಸುವಷ್ಟರಲ್ಲಿ, ಮೂಲೆಯಲ್ಲಿ ದಾರ ಕೀಳುತ್ತಿದ್ದವರು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದದ್ದು ಕಂಡಿತು. ಅವರಲ್ಲೊಬ್ಬ ನನ್ನ ವಯಸ್ಸಿನವನು. ಅವನಿಗೂ ಮಗಳಿರಬಹುದು ಅನ್ನಿಸಿತು.

“ನನ್ನ ಮಗಳ ಹತ್ತಿರ ಕಾಗದ ಇಲ್ಲ,” ಎಂದೆ. “ಅದನ್ನು ಮಾಡಿಸಬೇಕಾದ ನಮ್ಮ ಪಾಸ್‌ಪೋರ್ಟುಗಳು ನಿಮ್ಮ ಸೇಫಿನಲ್ಲಿವೆ. ಇನ್ನು ಹನ್ನೊಂದೇ ದಿನ ಇದೆ.”

ಸೆಕ್ರೆಟರಿ ಅದನ್ನು ಯಾರೂ ಕೇಳದಿದ್ದರೂ ಗಟ್ಟಿಯಾಗಿ ಅರಬ್ಬಿಗೆ ತಿರುಗಿಸಿದರು. ಆ ಉಪಕಾರವನ್ನು ನಾನು ಮರೆತಿಲ್ಲ. ಡೇರೆಯಲ್ಲಿ ಯಾರೋ ಒಬ್ಬರು ನಕ್ಕರು. ಯಜಮಾನರ ಕಿವಿ ಕೆಂಪಾಯಿತು. ಇದೇ ಜಾಗದಲ್ಲಿ ಹತ್ತು ನಿಮಿಷದ ಹಿಂದೆ ಆಡಿದ ಮಾತು ಅವರಿಗೂ ಕೇಳಿಸುತ್ತಿತ್ತೆಂದು ಕಾಣುತ್ತದೆ. ಅವರು ಜುಬ್ಬಾದ ಜೇಬಿಗೆ ಕೈ ಹಾಕಿ ಕೀಲಿಗೊಂಚಲು ತೆಗೆದು, ಎಲ್ಲರೂ ನೋಡುವಂತೆ ಸೆಕ್ರೆಟರಿಯ ಕೈಗಿಟ್ಟರು.

“ನಿನ್ನ ಕೆಲಸ ಆಯಿತು,” ಎಂದರು. “ಕಾಫಿ ಕುಡಿ.”

ಈಗ ನೋಡಿ ಪೇಚಾಟ. ಮಾತು ಸಿಕ್ಕ ಮೇಲೆ ಕುಡಿಯದಿದ್ದರೆ ಆ ಮಾತನ್ನು ನಂಬಲಿಲ್ಲ ಎಂದಾಗುತ್ತದೆ. ಕುಡಿದರೆ ಹೆಂಡತಿಯ ಹರಕೆ ಮುರಿಯುತ್ತದೆ. ಇನ್ನೂರು ಕಣ್ಣು ನನ್ನ ಮೇಲೆ. ಕೃಷ್ಣಾ, ನೀನೇ ನೋಡಿಕೋ ಎಂದು ಎತ್ತಿ ಒಂದೇ ಗುಟುಕಿಗೆ ಕುಡಿದೆ. ಕಷಾಯದ ಹಾಗೆ ಕಹಿ. ಅಷ್ಟು ರುಚಿಯಾದದ್ದನ್ನು ನಾನು ಜನ್ಮದಲ್ಲಿ ಕುಡಿದಿರಲಿಲ್ಲ. ಎದೆಯ ಮೇಲೆ ನಾಲ್ಕು ವಾರ ಕೂತಿದ್ದ ಕಲ್ಲು ಇಳಿದೇ ಹೋಯಿತು. ಮುದುಕ ಇನ್ನೊಂದು ಬಗ್ಗಿಸಿದ, ಅದನ್ನೂ ಕುಡಿದು ಕಪ್ಪು ಅಲ್ಲಾಡಿಸಿ ಕೊಟ್ಟೆ.

ಮರುದಿನ ಬೆಳಗ್ಗೆ ಎಂಟು ಗಂಟೆಗೆ ಎರಡೂ ಪಾಸ್‌ಪೋರ್ಟು ನನ್ನ ಕೈಯಲ್ಲಿದ್ದವು. ರಾಯಭಾರ ಕಚೇರಿಯಲ್ಲಿ ದಪ್ಪ ಕನ್ನಡಕದ ಅಧಿಕಾರಿಯೊಬ್ಬರು ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಮಗಳ ಹೆಸರನ್ನು ನೀಲಿ ಶಾಯಿಯಲ್ಲಿ ಬರೆದು ಮುದ್ರೆ ಒತ್ತಿದರು. ಶಾಯಿ ಆರುವವರೆಗೂ ಹೆಂಡತಿ ಆ ಪುಟವನ್ನು ಮುಚ್ಚಲಿಲ್ಲ. ಬಸ್‌ಸ್ಟಾಪಿನಲ್ಲಿ ಬಿಸಿಲಿಗೆ ಹಿಡಿದುಕೊಂಡೇ ನಿಂತಿದ್ದಳು. ಅವಳು ಅತ್ತದ್ದನ್ನು ನೋಡಿ ನನಗೂ ಅಳು ಬಂತು, ಮುಚ್ಚಿಡುವುದೇನು. ಗಡುವಿಗೆ ಐದು ದಿನ ಇರುವಾಗ ಇಕಾಮಾ ಕೂಡ ಬಿತ್ತು.

ಯಜಮಾನರು ಚುನಾವಣೆ ಸೋತರು. ಆಫೀಸಿಗೆ ಮೊದಲಿನಂತೆ ಬರತೊಡಗಿದರು. ಮ್ಯಾನೇಜರ್ ನನ್ನ ಪಾಸ್‌ಪೋರ್ಟನ್ನು ಮತ್ತೆ ಕೇಳಿದ, ನಾನು ಮತ್ತೆ ಕೊಟ್ಟೆ. ಸ್ವಭಾವ ಎಲ್ಲಿಗೆ ಹೋಗುತ್ತದೆ. ಹೆಂಡತಿಯದನ್ನೂ ಕೇಳಿದ. ಅವಳು ಕೊಡುವುದಿಲ್ಲ ಎಂದಳು, ಅದನ್ನು ಹಾಗೆಯೇ ಹೋಗಿ ಹೇಳಿದೆ. ಅದು ಯಜಮಾನರವರೆಗೆ ಹೋಯಿತಂತೆ. ಇರಲಿ ಬಿಡು ಎಂದರಂತೆ. ಅವರನ್ನು ನಾನು ಯಾವತ್ತೂ ಕೆಟ್ಟವರೆಂದು ನೆನೆದಿಲ್ಲ. ಡೇರೆಯ ಮೂಲೆಯಲ್ಲಿ ಕೂತಿದ್ದವರಿಗೆ ಆಮೇಲೆ ಕಾಗದ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ನಮ್ಮ ಸಮಾಧಾನದ ನಡುವೆ ಅದೊಂದು ಮುಳ್ಳಿನಂತೆ ಉಳಿದಿದೆ.

ಉಪವಾಸ ಮುರಿದದ್ದನ್ನು ಹೆಂಡತಿಗೆ ಹೇಳಲು ನಾನು ಮುಂದಿನ ಏಕಾದಶಿಯವರೆಗೆ ಹೆದರಿದೆ. ಆ ಬೆಳಗ್ಗೆ, ಹರಕೆ ತೀರಿತಲ್ಲ ಎಂದು ಅವಳೇ ಮೈಸೂರಿನ ಪುಡಿಯಲ್ಲಿ ಫಿಲ್ಟರ್ ಕಾಫಿ ಮಾಡಿ ತಂದಾಗ ಎಲ್ಲವನ್ನೂ ಬಿಡಿಸಿ ಹೇಳಿದೆ. ಹೇಳುವ ಗಡಿಬಿಡಿಯಲ್ಲಿ ತುಂಬಿದ ಲೋಟವನ್ನು ಮೇಜಿನ ಮೇಲೆ ಇಟ್ಟಿದ್ದೆ. ಅವಳು ಬೈಯಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಆ ಲೋಟವನ್ನೇ ಒಂದು ಗಳಿಗೆ ನೋಡಿದಳು.

“ಸರಿ, ಹೇಳಿ,” ಅಂದಳು. “ಏನ್ ಬೇಕಿತ್ತು?”

ಏನೂ ಬೇಕಿರಲಿಲ್ಲ. ಎತ್ತಿ ಕುಡಿದೆ.